ಅತ್ತೆಯ ಅರೆ ಪುಳ್ಳಿ

ನಮ್ಮ ಸಂಘ ಹೇಗೆ ಶುರುವಾಯಿತು ಎಂದು ಈಗ ಕೇಳುವವರು ಬಹಳ. ಶರವಣಂಪಟ್ಟಿಯ ಕಡೆಯಿಂದ ಕಾಲೇಜು ಹುಡುಗಿಯರು ಬಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗುತ್ತಾರೆ. ಸುತ್ತಲಿನ ಊರುಗಳ ಮಗ್ಗದವರು ಬಂದು ನಿಯಮಗಳ ಒಂದು ಜೆರಾಕ್ಸ್ ಕೊಡಿ ಎನ್ನುತ್ತಾರೆ. ಅವರಿಗೆಲ್ಲ ನಾನು ಒಗ್ಗಟ್ಟು, ಶಿಸ್ತು, ತಪ್ಪದೆ ನಡೆಯುವ ಸಭೆ ಎಂದು ಒಪ್ಪವಾಗಿ ಹೇಳಿ, ಕಾಫಿ ಕೊಟ್ಟು ಕಳಿಸುತ್ತೇನೆ. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಸಂಘ ನಿಜವಾಗಿ ನಿಂತದ್ದು ನನ್ನ ಸೋದರತ್ತೆಯ ಹಟದಿಂದ. ಅದನ್ನು ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಪಲ್ಲಡಂ ಹತ್ತಿರದ ಒಂದು ಉದ್ದನೆಯ ಬೀದಿ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಬಲ್ಲವರು ಇಲ್ಲವೆಂದೇ ಹೇಳಬೇಕು. ನಾನು ಮದುವೆಯಾದ ಮೇಲೆ ಹಟಕ್ಕೆ ಬಿದ್ದು ಕಲಿತವಳು. ಪ್ರತಿ ಮನೆಯ ಹಿಂದೆಯೂ ಒಂದು ಶೆಡ್ಡು, ಅದರಲ್ಲಿ ನಾಲ್ಕೋ ಆರೋ ಕರೆಂಟಿನ ಮಗ್ಗ. ನೂಲು ನಮ್ಮದಲ್ಲ. ವ್ಯಾಪಾರಿ ಹಾಸು ಸುತ್ತಿದ ಉರುಳೆಯನ್ನೂ ಹೊಕ್ಕಿನ ನೂಲನ್ನೂ ಕಳಿಸುತ್ತಾನೆ, ನಾವು ನೇಯ್ದು ಕೊಟ್ಟು ಕೂಲಿ ಪಡೆಯುತ್ತೇವೆ. ನಾನು ಮದುವೆಯಾದದ್ದೂ ಇದೇ ಬೀದಿಯಲ್ಲಿ, ನನ್ನ ಮನೆಯ ಹಿಂದೆಯೂ ನಾಲ್ಕು ಮಗ್ಗಗಳಿವೆ. ಗಂಡ ಬೆಳಗಾದರೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೊರಡುತ್ತಾರೆ, ಮಗ್ಗ ನನ್ನ ಪಾಲಿಗೆ.

ವ್ಯಾಪಾರಿಗಳು ಕೂಲಿ ಇಳಿಸುತ್ತಿದ್ದ ರೀತಿ ಬಹಳ ಸುಲಭದ್ದು. ಒಬ್ಬೊಬ್ಬರನ್ನೇ ಬೇರೆಬೇರೆ ಕರೆದು, ಎದುರು ಮನೆಯವರು ಕಡಿಮೆಗೆ ಒಪ್ಪಿದ್ದಾರೆ, ನೀವೇನು ಹೇಳುತ್ತೀರಿ ಎನ್ನುವುದು. ಎದುರು ಮನೆಯವರನ್ನು ಕೇಳೋಣವೆಂದರೆ ಯಾವುದೋ ಮದುವೆಯಲ್ಲಿ ಆದ ಮುನಿಸು. ಹೀಗೇ ಬಿಟ್ಟರೆ ಎಲ್ಲರೂ ಮಗ್ಗ ಒಡೆದು ಹಳೇ ಕಬ್ಬಿಣಕ್ಕೆ ಹಾಕಬೇಕಾದೀತು ಎಂದು ಹೆದರಿ ಅಪ್ಪ ಸಂಘ ಕಟ್ಟಲು ಹೊರಟರು. ಕಂಪ್ಯೂಟರ್ ಬಲ್ಲೆನೆಂಬ ಒಂದೇ ಕಾರಣಕ್ಕೆ ಬರವಣಿಗೆಯೆಲ್ಲ ನನ್ನ ಕೊರಳಿಗೆ ಬಿತ್ತು.

ಸದಸ್ಯರು ಯಾರು ಎಂಬ ಪ್ರಶ್ನೆ ಬಂದಾಗ ಹಿರಿಯರು ಒಂದು ಕ್ಷಣವೂ ಯೋಚಿಸಲಿಲ್ಲ. ನಮ್ಮವರಿಗೆ ಗೊತ್ತಿದ್ದ ಲೆಕ್ಕ ಒಂದೇ, ಕುಲದೇವರ ಪೂಜೆಗೆ ವರಿ, ಅಂದರೆ ವಂತಿಗೆ, ಎತ್ತುವ ಲೆಕ್ಕ. ಮದುವೆಯಾದ ಗಂಡಸು ಒಂದು ಪುಳ್ಳಿ. ಪುಳ್ಳಿ ಎಂದರೆ ತಮಿಳಿನಲ್ಲಿ ಚುಕ್ಕಿ, ಲೆಕ್ಕದಲ್ಲಿ ಒಂದು ತಲೆ. ಗಂಡ ತೀರಿಹೋದ ಹೆಂಗಸು ಅರೆ ಪುಳ್ಳಿ, ಅವಳಿಂದ ವರಿ ತೆಗೆದುಕೊಳ್ಳುವುದಿಲ್ಲ. ಅದು ಕರುಣೆಯಿಂದ ಹುಟ್ಟಿದ ಪದ್ಧತಿ, ಇಲ್ಲವೆನ್ನಲಾರೆ. ಆ ಲೆಕ್ಕವನ್ನೇ ಎತ್ತಿ ತಂದು ಮಗ್ಗದ ಸಂಘಕ್ಕೆ ಅಂಟಿಸಿದರು. ಪೂರ್ತಿ ಪುಳ್ಳಿ ಚಂದಾ ಕೊಡಬೇಕು, ಸಭೆಯಲ್ಲಿ ಕೈ ಎತ್ತಬಹುದು. ಅರೆ ಪುಳ್ಳಿ ಚಂದಾ ಕೊಡಬೇಕಿಲ್ಲ, ಕೈ ಎತ್ತುವ ಹಾಗೂ ಇಲ್ಲ. ಅರೆ ಪುಳ್ಳಿಗಳ ಪರವಾಗಿ ನಾನು ತಕರಾರು ತೆಗೆದೆ. ಒಬ್ಬರು ದೊಡ್ಡಪ್ಪ ನಕ್ಕು, ಅಲ್ಪಸ್ವಲ್ಪ ಓದಿದವರದ್ದೇ ಈ ತೊಂದರೆ ಎಂದರು. ನಾನು ಕೀಬೋರ್ಡನ್ನು ಕುಟ್ಟಿ ಕುಟ್ಟಿ ಟೈಪ್ ಮಾಡಿದೆ. ಯಾರಿಗೂ ಅದು ಕೇಳಿಸಲಿಲ್ಲ. ಮಗ್ಗದವರ ಕಿವಿ ಮೊದಲೇ ಮಂದ.

ಅಪ್ಪನ ತಂಗಿಯಾದ ನನ್ನ ಅತ್ತೆಗೆ ಆರು ಮಗ್ಗ. ಮಾವ ತೀರಿಹೋದಾಗ ಎಲ್ಲರೂ ಮಾರಿಬಿಡು ಎಂದಿದ್ದರು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಶೆಡ್ಡಿಗೆ ಇಳಿದವಳು ಇನ್ನೂ ಹತ್ತಿಲ್ಲ. ಕಡಿದ ಎಳೆ ಕಟ್ಟುವುದು, ಮೋಟಾರಿನ ಬೆಲ್ಟು ಬದಲಿಸುವುದು, ವ್ಯಾಪಾರಿಯ ಏಜೆಂಟನ ಜೊತೆ ಜಗಳ, ಎಲ್ಲ ಅವಳೇ. ಸಂಘದ ಮೊದಲ ಸಭೆಗೆ ಅವಳು ಮದುವೆಗೆ ಉಡುವ ಕೋರಾ ಸೀರೆ ಉಟ್ಟು ಬಂದಳು. ಚಂದಾ ಹಣವನ್ನು ಕರ್ಚೀಫಿನಲ್ಲಿ ಮಡಿಸಿ ತಂದಿದ್ದಳು. ಕೊಡಲು ಕೈ ಚಾಚಿದಾಗ ಅಪ್ಪ ಆ ಕೈಯನ್ನು ಮೆಲ್ಲಗೆ ಮಡಿಸಿ ಹಿಂದಕ್ಕೆ ತಳ್ಳಿದರು.

"ನಿನ್ನ ಹತ್ರ ವಾಂಗೋದಾ ಅಮ್ಮಿಣಿ? ಬೇಡಾ. ನೀನು ಸುಮ್ಮನೆ ಬಂದು ಕೂತ್ಕೋ, ಅದು ಪೋದುಂ."

ಅಮ್ಮಿಣಿ ಎನ್ನುವುದು ತಂಗಿಯನ್ನು ಅಕ್ಕರೆಯಿಂದ ಕರೆಯುವ ಮಾತು, ವಾಂಗೋದು ಎಂದರೆ ಪಡೆಯುವುದು, ಪೋದುಂ ಎಂದರೆ ಸಾಕು. ಅಪ್ಪನ ಕಣ್ಣಲ್ಲಿ ನೀರಿತ್ತು. ಸುತ್ತ ಕೂತ ಗಂಡಸರೆಲ್ಲ ತಲೆದೂಗಿದರು. ತಾವು ಒಳ್ಳೆಯವರು ಎಂದು ಎಲ್ಲರಿಗೂ ಒಟ್ಟಿಗೇ ಅನ್ನಿಸಿದ ಗಳಿಗೆ ಅದು. ಅತ್ತೆ ನಕ್ಕಳು. ಕರ್ಚೀಫನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಫಿ ಬರುವ ಮುಂಚೆಯೇ ಮನೆಗೆ ಹೋದಳು. ಮುಂದಿನ ಸಭೆಗಳಿಗೆ ಅವಳು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ.

ಸಂಘ ಹುಟ್ಟಿ ಕೆಲವೇ ತಿಂಗಳಲ್ಲಿ ಪರೀಕ್ಷೆ ಬಂತು. ವ್ಯಾಪಾರಿಗಳು ಮತ್ತೆ ಕೂಲಿ ಇಳಿಸಿದರು. ಈ ಸಲ ಬೀದಿಯೆಲ್ಲ ಒಟ್ಟಾಗಿ ಮಗ್ಗ ನಿಲ್ಲಿಸುವುದೆಂದು ಸಭೆ ತೀರ್ಮಾನಿಸಿತು. ಒಂದೇ ಒಂದು ಶೆಡ್ಡು ನಡೆದರೂ ಕೆಲಸ ಕೆಡುತ್ತದೆ. ಏಜೆಂಟ್ ಬೈಕಿನಲ್ಲಿ ಬೀದಿ ಸುತ್ತಿದರೆ ಸಾಕು, ಯಾರ ಮಗ್ಗ ಸದ್ದು ಮಾಡುತ್ತಿದೆ ಎಂದು ಕಿವಿಗೇ ಗೊತ್ತಾಗುತ್ತದೆ. ಆಮೇಲೆ ಉಳಿದವರು ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ, ಸಂಘ ಬರೀ ಬೋರ್ಡು.

ಸೋಮವಾರ ಬೆಳಗ್ಗೆ ಬೀದಿ ನಿಂತಿತು. ನಾನು ಹುಟ್ಟಿದ ಮೇಲೆ ನಮ್ಮ ಬೀದಿಯಲ್ಲಿ ಕಾಗೆಯ ದನಿ ಅಷ್ಟು ಸ್ಪಷ್ಟವಾಗಿ ಕೇಳಿದ್ದು ಆವತ್ತೇ. ಮಧ್ಯಾಹ್ನದ ಹೊತ್ತಿಗೆ ಬೀದಿಯ ಕೊನೆಯಿಂದ ಸದ್ದು ಶುರುವಾಯಿತು. ಅತ್ತೆಯ ಶೆಡ್ಡು.

ಅಪ್ಪ ಊಟದ ಎಲೆ ಬಿಟ್ಟು ಎದ್ದರು. ನಾನು ರಸೀದಿ, ಪೆನ್ನು ಇದ್ದ ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ ಓಡಿದೆ. ಅದಿಲ್ಲದೆ ಹೊರಗೆ ಹೋಗುವ ಅಭ್ಯಾಸವೇ ತಪ್ಪಿಹೋಗಿತ್ತು. ದಾರಿಯುದ್ದಕ್ಕೂ ಗಂಡಸರು ಬಾಗಿಲಿಗೆ ಬಂದು ನಿಂತು ಅಪ್ಪನ ಮುಖ ನೋಡುತ್ತಿದ್ದರು. ಸ್ವಂತ ತಂಗಿಯೇ ಕೈ ಕೊಟ್ಟಳಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅತ್ತೆ ನಮ್ಮನ್ನು ಕಂಡು ಶೆಡ್ಡಿನಿಂದ ಹೊರಗೆ ಬಂದಳು. ತಲೆಗೂದಲ ಮೇಲೆಲ್ಲ ಹತ್ತಿಯ ಧೂಳು.

"ಏನ್ ಅಮ್ಮಿಣಿ ಇದು? ಊರೆಲ್ಲ ನಿಲ್ಸಿದೆ, ನೀನು ತರಿ ಓಡಿಸ್ತಿದ್ದೀಯಾ?" ಎಂದು ಅಪ್ಪ ಸದ್ದಿನ ಮೇಲೆ ಕೂಗಿದರು. ತರಿ ಎಂದರೆ ಮಗ್ಗ.

"ನಾನೂ ನಿಲ್ಸಿದ್ದೀನಲ್ಲಾ ಅಣ್ಣಾ. ಒಳಗೆ ಬಂದು ಪಾರು."

ಒಳಗೆ ಹೋಗಿ ನೋಡಿದೆವು. ಆರರಲ್ಲಿ ಮೂರು ಮಗ್ಗ ನಿಂತಿದ್ದವು. ಮೂರು ಓಡುತ್ತಿದ್ದವು.

"ನಾನು ಅರೆ ಪುಳ್ಳಿ ತಾನೆ? ಅದಕ್ಕೇ ಅರೆ ನಿಲ್ಸಿದ್ದೀನಿ. ನಿಮ್ಮ ಲೆಕ್ಕ ನಾನು ಮೀರಲಿಲ್ಲ."

ನನಗೆ ನಗು ಉಕ್ಕಿ ಬಂತು. ಅಪ್ಪನ ಮುಖ ನೋಡಿ ನುಂಗಿಕೊಂಡೆ. ಅಪ್ಪ ಮಗ್ಗದ ಚೌಕಟ್ಟು ಹಿಡಿದು ನಿಂತುಬಿಟ್ಟಿದ್ದರು.

"ನಿನಗೆ ಕಷ್ಟ ಬೇಡ ಅಂತ ತಾನೆ ವಾಂಗಲಿಲ್ಲ," ಎಂದರು.

"ಗೊತ್ತು ಅಣ್ಣಾ. ನಿನ್ನ ಪಾಸ ನನಗೆ ಗೊತ್ತಿಲ್ಲವಾ?" ಎಂದಳು ಅತ್ತೆ. ಪಾಸ ಎಂದರೆ ನಮ್ಮಲ್ಲಿ ಒಡಹುಟ್ಟಿದವರ ಪ್ರೀತಿ. "ದೀಪಾವಳಿಗೆ ಸೀರೆ ಕೊಡು, ವಾಂಗ್ಕೋತೀನಿ. ಅದು ತವರು. ಆದ್ರೆ ತರಿ ನಂದು. ಅವರು ಕೂಲಿ ಇಳಿಸಿದಾಗ ನನಗೇನು ಅರೆ ಇಳಿಸಿದ್ರಾ? ಪೂರ್ತಿ ಇಳಿಸಿದ್ರು. ಅವತ್ತು ಎಲ್ಲರ ಮುಂದೆ ನನ್ನ ಕೈ ಮಡಿಸಿ ಕಳಿಸ್ದೆಯಲ್ಲ, ನಿನ್ನ ತಂಗಿ ಇನ್ನು ಬರೀ ಉಣ್ಣೋಕೆ ಇರೋಳು ಅಂತ ಆಯ್ತು ಅಣ್ಣಾ."

ಹೇಳುವಾಗ ಅವಳು ಅಳಲಿಲ್ಲ. ಅಪ್ಪ ಅತ್ತರು. ಓಡುವ ಮಗ್ಗಗಳ ಸದ್ದಿನಲ್ಲಿ ಅದು ಕೇಳಿಸಲಿಲ್ಲ, ಭುಜ ಅಲುಗುವುದು ಮಾತ್ರ ಕಂಡಿತು.

ನಮ್ಮಲ್ಲಿ ಅಣ್ಣನಾದವನು ತಂಗಿಗೆ ಕೊಡುತ್ತಾನೆ. ಹಬ್ಬಕ್ಕೆ, ಹೆರಿಗೆಗೆ, ಅವಳ ಮಕ್ಕಳ ಮದುವೆಗೆ, ಕೊಡುವುದೊಂದೇ. ಅವಳಿಂದ ಒಂದು ರೂಪಾಯಿ ಪಡೆದವನನ್ನು ಜನ ಆಡಿಕೊಳ್ಳುತ್ತಾರೆ. ಅಪ್ಪ ತಮ್ಮ ಆಯುಷ್ಯದಲ್ಲಿ ತಂಗಿಯ ಮುಂದೆ ಕೈ ಚಾಚಿದವರಲ್ಲ. ಆ ಕೈ ಈಗ ಮೇಲೇಳಲು ಎಷ್ಟು ಹೊತ್ತು ತೆಗೆದುಕೊಂಡಿತು! ನಾನೇ ಹಿಡಿದು ಎತ್ತಿಬಿಡಲೇ ಅನ್ನಿಸಿತು.

ಕೊನೆಗೆ ಚಾಚಿದರು. ಅತ್ತೆ ಸೊಂಟದಿಂದ ಅದೇ ಕರ್ಚೀಫು ತೆಗೆದು ಕೊಟ್ಟಳು. ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡರು. ರಸೀದಿ ಬರೆಯುವಾಗ, ಮಾವನ ಹೆಸರನ್ನೂ ಸೇರಿಸಲಾ ಎಂದು ಕೇಳಿದೆ.

"ನಿನ್ನ ಮಾವ ಬಂದು ತರಿ ಓಡಿಸ್ತಾರಾ, ನನ್ನ ಕಣ್ಣು? ನನ್ನ ಹೆಸರೇ ಬರಿ."

ಆಮೇಲೆ ಅವಳು ಹೋಗಿ ಉಳಿದ ಮೂರು ಸ್ವಿಚ್ಚುಗಳನ್ನು ಒಂದಾದಮೇಲೊಂದು ಆರಿಸಿದಳು. ಬೀದಿ ಪೂರ್ತಿ ನಿಶ್ಶಬ್ದವಾಯಿತು. ಬಾಗಿಲಲ್ಲಿ ನಿಂತಿದ್ದವರೆಲ್ಲ ಒಳಗೆ ಹೋದರು. ಆ ವಾರ ಏಜೆಂಟ್ ಎಷ್ಟು ಸುತ್ತು ಹಾಕಿದರೂ ಎಲ್ಲಿಯೂ ಒಂದು ಮಗ್ಗದ ಸದ್ದು ಸಿಗಲಿಲ್ಲ, ವ್ಯಾಪಾರಿಗಳು ತಾವಾಗಿಯೇ ಮಾತಿಗೆ ಬಂದರು. ಹೊರಗಿನವರು ನಮ್ಮ ಗೆಲುವು ಎಂದು ಹೇಳುವುದು ಇದನ್ನೇ.

ಆದರೆ ಆ ಮಧ್ಯಾಹ್ನ ಶೆಡ್ಡಿನಲ್ಲಿ ಇನ್ನೊಂದು ಮಾತು ನಡೆಯಿತು. ಅಪ್ಪ ಕಣ್ಣೊರೆಸಿಕೊಂಡು, "ಇನ್ನು ನೀನೂ ಸಭೆಗೆ ಬಂದು ಸಂಡೆ ಮಾಡ್ಬಹುದು," ಎಂದು ತಮಾಷೆ ಮಾಡಿದರು. ಸಂಡೆ ಎಂದರೆ ಜಗಳ.

"ಬರ್ತೀನಿ," ಎಂದಳು ಅತ್ತೆ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನನ್ನ ಭುಜ ಹಿಡಿದು ಮುಂದಕ್ಕೆ ಎಳೆದಳು. "ಮೊದಲ ಸಂಡೆ ಇವಳಿಗೋಸ್ಕರ. ನಾಲ್ಕು ತರಿ ಇವಳೇ ಓಡಿಸ್ತಾಳೆ, ಸಂಘದ ಬರವಣಿಗೆ ಪೂರಾ ಇವಳೇ ಮಾಡ್ತಾಳೆ. ಪುಳ್ಳಿ ಮಾತ್ರ ತಿರುಪ್ಪೂರಿಗೆ ಹೋಗೋ ಇವಳ ಗಂಡನಿಗೆ, ನಿನ್ನ ಮಾಪ್ಪಿಳ್ಳೆಗೆ. ನಾನಾದ್ರೂ ಅರೆ ಇದ್ದೆ ಅಣ್ಣಾ. ನಿನ್ನ ಮಗಳು ಅದೂ ಇಲ್ಲ."

ನಾನು ಯಾರ ಹತ್ತಿರವೂ ಅದನ್ನು ಹೇಳಿಕೊಂಡಿರಲಿಲ್ಲ. ಅವಳು ನೋಡಿದ್ದಳು. ಅಪ್ಪ ನನ್ನ ಕಡೆ ತಿರುಗಿ, ಅತ್ತೆಯ ಚಂದಾ ಪಡೆದ ಆ ಕೈಯನ್ನು ಈಗ ನನ್ನ ಮುಂದೆ ಚಾಚಿದರು.