ನಿಂತ ಗಾಡಿಯ ಕರೆಂಟು

ಡಿಪೊದಲ್ಲಿ ಎಲ್ಲರೂ ಅವಳನ್ನು ಆಂಪಿಯರಕ್ಕ ಎಂದೇ ಕರೆಯುತ್ತಾರೆ. ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಲೆಕ್ಕದ ಉತ್ತರ ಬಂದ ಮೇಲೂ ಅದನ್ನು ತಿರುವುಮುರುವಾಗಿ ಮಾಡಿ ನೋಡಿ, ಎಲ್ಲರಿಗಿಂತ ಕೊನೆಯಲ್ಲಿ ಕೈಯೆತ್ತುತ್ತಿದ್ದ ಹುಡುಗಿ ಅವಳು. ಈಗ ನಲವತ್ತು ದಾಟಿದ್ದಾಳೆ. ಸಾಮಾನು ಸಾಗಿಸುವ ಬ್ಯಾಟರಿ ವ್ಯಾನುಗಳ ಇನ್ವರ್ಟರು ನೋಡಿಕೊಳ್ಳುವುದು ಅವಳ ಕೆಲಸ.

ಇನ್ವರ್ಟರೆಂದರೆ ಸೀಟಿನ ಕೆಳಗಿರುವ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ಬ್ಯಾಟರಿಯ ಕರೆಂಟು ಮೋಟರಿಗೆ ಹೋಗುವುದು ಅದರ ಮೂಲಕ. ಹೆಚ್ಚು ಕರೆಂಟು ಬಿಟ್ಟರೆ ಗಾಡಿಗೆ ಬಲ ಹೆಚ್ಚು. ಅತಿಯಾದರೆ ಪೆಟ್ಟಿಗೆಯೊಳಗಿನ ಸ್ವಿಚ್ಚುಗಳು ಕಾದು ಸುಟ್ಟುಹೋಗುತ್ತವೆ. ಎಲ್ಲಿಯವರೆಗೆ ಬಿಡಬಹುದೆಂದು ಪರೀಕ್ಷಿಸಿ, ಆ ಮಿತಿಯನ್ನು ಪೆಟ್ಟಿಗೆಗೆ ಹಾಕಿ, ರಿಜಿಸ್ಟರಿನಲ್ಲಿ ಸಹಿ ಮಾಡುವವಳು ಅವಳೊಬ್ಬಳೇ.

ಅವಳ ತಮ್ಮನೂ ಅದೇ ಡಿಪೊದಲ್ಲಿ ಚಾಲಕ. ಗುಡ್ಡದ ಮೇಲಿನ ಆಸ್ಪತ್ರೆಗೆ ಒಗೆದ ಹೊದಿಕೆಗಳನ್ನು ಒಯ್ಯುವ ರೂಟು ಅವನದು. ವಾರಕ್ಕೆ ಮೂರು ದಿನ, ಡಿಪೊದ ಅನುಮತಿ ಪಡೆದು, ಮುಂದಿನ ಸೀಟಿನಲ್ಲಿ ತಾಯಿಯನ್ನೂ ಕೂರಿಸಿಕೊಂಡು ಚಿಕಿತ್ಸೆಗೆ ಬಿಡುತ್ತಿದ್ದ. ಮೊಣಕಾಲು ಮಡಿಸಲಾಗದ ಆಕೆಗೆ ಬಸ್ಸು ಹತ್ತುವ ಮಾತೇ ಇರಲಿಲ್ಲ.

“ಅಕ್ಕಾ, ಏರಲ್ಲಿ ಗಾಡಿ ಏದುಸಿರು ಬಿಡುತ್ತೆ. ಸೈಕಲ್ಲಿನವನು ಹಿಂದಿನಿಂದ ಬೆಲ್ಲು ಹೊಡೀತಾನೆ ಕಣೇ! ನೀನಿದ್ದೂ ನನಗೀ ಗತಿನಾ?”

“ತಮ್ಮ ಅಂತ ಇನ್ನೊಂದು ಸಲ ಬಡಿಸೋಕೆ ಇದೇನು ಮನೆ ಊಟ ಅಂದ್ಕೊಂಡ್ಯಾ? ಇರು, ನೋಡಿ ಹೇಳ್ತೀನಿ.”

ನೋಡಿಯೇ ಹೇಳಿದಳು. ಮೇಜಿನ ಮೇಲೆ ಮೋಟರನ್ನು ಭಾರ ಹಾಕಿ ತಿರುಗಿಸಿ, ಮೂರು ಸಲ ಬಿಸಿ ಅಳೆದು, ಇನ್ನೂರನಲವತ್ತು ಇದ್ದ ಮಿತಿಯನ್ನು ಮುನ್ನೂರು ಆಂಪಿಯರಿಗೆ ಏರಿಸಿದಳು. ವ್ಯಾನು ಗುಡ್ಡವನ್ನು ಸರಾಗವಾಗಿ ಹತ್ತತೊಡಗಿತು. ಎರಡೇ ವಾರಕ್ಕೆ ಪೆಟ್ಟಿಗೆ ಸುಟ್ಟಿತು. ಹೊಸದನ್ನು ಹಾಕಿದರು, ಹತ್ತು ದಿನಕ್ಕೆ ಅದೂ ಹೋಯಿತು.

ಡಿಪೊದ ಮೇಲ್ವಿಚಾರಕರು ಅವಳನ್ನು ಕರೆದರು. “ನಿಮ್ಮ ಅಂಕಿ ತಪ್ಪಲ್ಲ ಬಿಡಿ. ನಿಮ್ಮ ತಮ್ಮನೇ ಒರಟಾಗಿ ಓಡಿಸ್ತಾನೆ. ಇನ್ನೊಂದು ಸುಟ್ಟರೆ ಆಸ್ಪತ್ರೆ ರೂಟು ಬೇರೆಯವರಿಗೆ.”

ಅವಳಿಗೆ ಮನಸ್ಸು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ, ಹೊಸದಾಗಿ ಹಾಕಿದ ಮೂರನೆಯ ಪೆಟ್ಟಿಗೆಗೆ ಬಿಸಿ ಅಳೆಯುವ ತಂತಿ ಅಂಟಿಸಿ, ಮೀಟರನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮನ ಪಕ್ಕದಲ್ಲಿ ಕುಳಿತಳು. ಏರಿನುದ್ದಕ್ಕೂ ಅಂಕಿ ಎಪ್ಪತ್ತು ಡಿಗ್ರಿ ದಾಟಲಿಲ್ಲ. ಆಸ್ಪತ್ರೆಯ ಗೇಟು ಏರಿನ ನಡುವೆಯೇ ಇದೆ. ಕಾವಲುಗಾರ ಮುಂದಿನ ಗಾಡಿಯ ಕಾಗದ ನೋಡುತ್ತಿದ್ದ. ತಮ್ಮನು ವ್ಯಾನನ್ನು ನಿಲ್ಲಿಸಿದ. ಮೀಟರಿನಲ್ಲಿ ಎಂಬತ್ತಾಯಿತು, ನೋಡನೋಡುತ್ತಿದ್ದಂತೆ ನೂರಹತ್ತು.

“ಯಾಕೋ ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದೀಯ?”

“ಹಿಂದಕ್ಕೆ ಜಾರಬಾರದಲ್ಲ.”

“ಹ್ಯಾಂಡ್‌ಬ್ರೇಕ್ ಏನು ಶೋಕಿಗಾ?”

“ಅದು ಕಲಿಯೋರಿಗೆ ಕಣಕ್ಕ. ನಾವೆಲ್ಲ ಕಾಲಲ್ಲೇ ನಿಲ್ಲಿಸೋದು. ಈ ಗೇಟಲ್ಲಿ ಮೊದಲು ಬಲ ಸಾಲದೆ ಜಾರ್ತಿತ್ತು, ಈಗ ನೋಡು, ಒಂದಿಂಚು ಅಲುಗಾಡಿದೆಯಾ?”

“ಕಾಲು ತೆಗಿಯೋ! ಬ್ರೇಕ್ ಎಳಿ!”

ಅವನು ಬೆಚ್ಚಿ ಬ್ರೇಕ್ ಎಳೆದ. ಅಂಕಿ ಮೆಲ್ಲಗೆ ಇಳಿಯಿತು. ಅವಳು ಮೀಟರಿನಿಂದ ಕಣ್ಣೆತ್ತಿದಳು.

“ಮೋಟರು ತಿರುಗ್ತಿದ್ರೆ ಮೂರು ಜೋಡಿ ಸ್ವಿಚ್ಚು ಸರದಿ ಮೇಲೆ ಹೊರೆ ಹೊರ್ತವೆ. ತಿರುಗದೆ ನಿಂತಾಗ ಸರದಿ ಬದಲಾಗೋದೇ ಇಲ್ಲ. ಇದ್ದಬದ್ದ ಹೊರೆಯೆಲ್ಲ ಒಬ್ಬನ ಹೆಗಲಿಗೇ.”

“ಹಾಗಾದ್ರೆ ತಪ್ಪು ನನ್ನ ಕಾಲಿಂದು. ಅಮ್ಮನಿಗೆ ನೀನೇ ಹೇಳು, ಬೇರೆ ಗಾಡಿ ನೋಡ್ಕೋ ಅಂತ.”

“ಬಾಯಿ ಮುಚ್ಚು. ನೀವೆಲ್ಲ ಹೀಗೆ ನಿಲ್ಲಿಸ್ತೀರಿ ಅಂತ ನಾನು ಮೊದಲೇ ಬಂದು ನೋಡಬೇಕಿತ್ತು. ತಿರುಗೋ ಮೋಟರು ಮಾತ್ರ ನೋಡಿ ಸಹಿ ಹಾಕಿದೆ. ತಪ್ಪು ನಂದು.”

“ನಿನ್ನ ಕೆಲಸಕ್ಕೇ ಕುತ್ತು ಬಂದ್ರೆ?”

“ಬಂದಾಗ ನೋಡ್ಕೊಳ್ಳೋಣ. ಗೇಟಿನವನು ಕೈ ಬೀಸ್ತಿದ್ದಾನೆ, ಹೊರಡು.”

ಮೋಟರಿನ ದಂಡ ಅಲುಗಾಡದಂತೆ ಬಿಗಿದು, ಎರಡು ದಿನ ಪರೀಕ್ಷಿಸಿದಳು. ನಿಂತಲ್ಲೇ ಇದ್ದರೆ ನೂರಮೂವತ್ತು ಆಂಪಿಯರಿಗಿಂತ ಹೆಚ್ಚನ್ನು ಪೆಟ್ಟಿಗೆ ಬಹಳ ಹೊತ್ತು ತಾಳದು ಎಂದು ತಿಳಿಯಿತು. ಎಲ್ಲ ವ್ಯಾನುಗಳಿಗೂ ಎರಡು ಮಿತಿಗಳನ್ನು ಹಾಕಿದಳು: ಓಡುವಾಗ ಒಂದು, ನಿಂತಾಗ ಒಂದು. ಗಾಡಿಯನ್ನು ಆಕ್ಸಿಲರೇಟರಿನಲ್ಲೇ ನಿಲ್ಲಿಸಿದರೆ ಮೊದಲು ಬಜರು ಕೂಗುವುದು. ಬ್ರೇಕ್ ಎಳೆಯಲು ಸಮಯ ಸಿಗುವಂತೆ ಕರೆಂಟು ಆಮೇಲೆ ನಿಧಾನವಾಗಿ ಇಳಿಯುವುದು. ಸುಟ್ಟ ಎರಡೂ ಪೆಟ್ಟಿಗೆಗಳಿಗೆ ತನ್ನ ಪರೀಕ್ಷೆಯ ಕೊರತೆಯೇ ಕಾರಣವೆಂದು ಬರೆದು, ಮೇಲ್ವಿಚಾರಕರ ಮೇಜಿನ ಮೇಲಿಟ್ಟಳು.

ಅವರು ಕನ್ನಡಕ ತೆಗೆದು ಕೇಳಿದರು: “ತಮ್ಮನನ್ನ ಉಳಿಸೋಕೆ ಬರೆದದ್ದಲ್ಲ ತಾನೆ?”

“ಬಿಗಿದಿಟ್ಟ ಮೋಟರು ಇನ್ನೂ ಮೇಜಿನ ಮೇಲೇ ಇದೆ ಸರ್. ಬಂದು ನೀವೇ ನೋಡಿ.”

ಅವರು ಹೋಗಿ ನೋಡಿದರು. ರೂಟು ತಮ್ಮನಿಗೇ ಉಳಿಯಿತು. ಆದರೆ ಅಂದಿನಿಂದ ಅವಳ ಸಹಿಯೊಂದೇ ಸಾಲದಾಯಿತು. ಪಕ್ಕದಲ್ಲಿ ಇನ್ನೊಬ್ಬರದೂ ಬೇಕು. ಬೇಸರವಾಯಿತೇ ಎಂದು ನಾನೊಮ್ಮೆ ಕೇಳಿದೆ. “ಒಂದು ವಾರ ಮುಖ ಎತ್ತೋಕಾಗ್ಲಿಲ್ಲ ಮೇಷ್ಟ್ರೇ,” ಎಂದಳು. “ಈಗ ಎರಡನೇ ಸಹಿಯವರು ಬರೋದು ತಡವಾದ್ರೆ ನಾನೇ ಹುಡುಕಿಕೊಂಡು ಹೋಗ್ತೀನಿ.”

ತಮ್ಮನ ಕಾಲು ಮಾತ್ರ ಹಳೆಯ ಚಾಳಿಯನ್ನು ಬೇಗ ಬಿಡಲಿಲ್ಲ. ಮೊನ್ನೆ ಗೇಟಿನಲ್ಲಿ ಮತ್ತೆ ಬಜರು ಕಿರುಗುಟ್ಟಿತಂತೆ. ಪಕ್ಕದಲ್ಲಿ ಮೊಣಕಾಲು ನೀವಿಕೊಳ್ಳುತ್ತಿದ್ದ ತಾಯಿ ಕಣ್ಣು ತೆರೆಯದೆಯೇ ಗದರಿದರಂತೆ: “ನಿಮ್ಮಕ್ಕ ಅಷ್ಟು ಕೂಗ್ತಿದ್ದಾಳೆ, ಬ್ರೇಕ್ ಎಳೀಬಾರದೇನೋ?”