ಮೇಡ್ಲೇರಿಯಲ್ಲಿ ಬೆಳೆಯದ ಮೆಣಸಿನಕಾಯಿ

ಪ್ರತಿಯೊಬ್ಬ ಮನುಷ್ಯನಿಗೂ ಒಂದು ಆತ್ಮಸಾಕ್ಷಿ ಇರುತ್ತದೆ, ಅದು ಎದೆಯೊಳಗೆ ವಾಸಿಸುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನದು ಬ್ಯಾಡಗಿಯಲ್ಲಿ ವಾಸಿಸುತ್ತಿತ್ತು. ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಅಟ್ಟದ ಮೇಲೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಅಮಾವಾಸ್ಯೆಗೆ ರಜೆ. ಅದರ ಮೂಗಿನ ಎರಡೂ ಹೊಳ್ಳೆಗಳಲ್ಲಿ ಹತ್ತಿ ತುರುಕಿರುತ್ತಿತ್ತು.

ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿ, ಘಾಟು ತಡೆಯುವುದಕ್ಕೆ. ಇಡೀ ಆಯುಷ್ಯ ಆ ಊರಲ್ಲೇ ಕಳೆದರೂ ಲೆಕ್ಕದ ಕಾಕಾ ಅವರಿಗೆ ಮೆಣಸಿನಕಾಯಿ ಒಗ್ಗಲಿಲ್ಲ. ಕೆಳಗೆ ಯಾರಾದರೂ ಚೀಲ ಸುರುವಿದರೆ ಸಾಕು, ಅಟ್ಟದ ಮೇಲೆ ಸೀನುಗಳ ಸಾಲು ಶುರುವಾಗುತ್ತಿತ್ತು. ಮೂಗು ಕಟ್ಟಿದ ಆ ದನಿಯಲ್ಲಿ "ಚಾ ಕುಡೀತಿ?" ಎಂದರೂ ತೀರ್ಪು ಓದಿದಂತೆ ಕೇಳಿಸುತ್ತಿತ್ತು.

ಅವರು ಸಂಬಂಧದಲ್ಲಿ ನನಗೆ ಕಾಕಾ ಅಲ್ಲ. ರಾಣೆಬೆನ್ನೂರಿನ ನಮ್ಮ ಪಂಪ್‌ಸೆಟ್ ಅಂಗಡಿಯ ತೆರಿಗೆ ಲೆಕ್ಕವನ್ನು ಅಪ್ಪನ ಕಾಲದಿಂದ ನೋಡಿಕೊಂಡು ಬಂದವರು. ಅಪ್ಪ ಹೋಗುವಾಗ ಅಂಗಡಿಯ ಜೊತೆ ಕಾಕಾ ಅವರನ್ನೂ ನನ್ನ ಕೊರಳಿಗೆ ಕಟ್ಟಿ ಹೋದ.

ಕಾಕಾ ಅವರ ಪದ್ಧತಿ ನೋಡಿ. ತಿಂಗಳು ಮುಗಿದ ಕೂಡಲೇ ಆ ತಿಂಗಳ ಬಿಲ್ಲು, ಚೀಟಿ, ಬ್ಯಾಂಕಿನ ಕಾಗದ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಅವರ ಮುಂದಿಡಬೇಕು. ಅವರು ಮೆಣಸಿನಕಾಯಿ ಚೀಲ ಹೊಲಿಯುವ ದಬ್ಬಣ ತೆಗೆದು, ಅದೇ ಸುತಳಿಯಿಂದ ಕಟ್ಟನ್ನು ಹೊಲಿಯುವರು. ಹೊಲಿದ ಮೇಲೆ ಬ್ರಹ್ಮ ಬಂದರೂ ಒಳಗೆ ಇನ್ನೊಂದು ಚೀಟಿ ಸೇರದು.

"ಕಾಕಾ, ಒಂದ್ ಡೀಸೆಲ್ ಚೀಟಿ ಉಳದೈತ್ರಿ."

"ಹೊಳ್ಳಿ ಬಿಚ್ಚೂದಿಲ್ಲ ತಮ್ಮಾ. ಮರತೇನಿ ಅಂತ ಬರದು ಸಹಿ ಹಾಕು. ಮುಂದಿನ ತಿಂಗಳದಾಗ ಹೊಲೀತೇನಿ."

ಎರಡು ಮಕ್ಕಳ ತಂದೆಯಾದ ನಾನು, ಊರಲ್ಲಿ ನಾಲ್ಕು ಜನ ನಮಸ್ಕಾರ ಮಾಡುವ ನಾನು, "ಡೀಸೆಲ್ ಚೀಟಿ ಕೊಡಲು ಮರೆತಿದ್ದೇನೆ" ಎಂದು ಕನ್ನಡ ಶಾಲೆಯ ಹುಡುಗನಂತೆ ಬರೆದುಕೊಟ್ಟಿದ್ದೇನೆ. ಒಂದಲ್ಲ, ಹಲವು ಸಲ.

ಇದನ್ನೂ ಸಹಿಸಿದ್ದೆ. ಸಹಿಸಲಾಗದ್ದು ಆಮೇಲೆ ನಡೆಯಿತು. ಹೊಲದ ಆದಾಯಕ್ಕೆ ತೆರಿಗೆ ಇಲ್ಲವೆಂಬ ಕಾರಣಕ್ಕೆ ನಮ್ಮ ಕಡೆಯ ಅನೇಕ ವ್ಯಾಪಾರಸ್ಥರು ವರ್ಷಕ್ಕೊಮ್ಮೆ ಕಾಗದದ ಮೇಲೆ ರೈತರಾಗುತ್ತಾರೆ. ನನಗೆ ಮೇಡ್ಲೇರಿಯಲ್ಲಿ ಖರೇನೇ ನಾಲ್ಕು ಎಕರೆ ಇತ್ತು. ಅದರಲ್ಲಿ ಮೆಣಸಿನಕಾಯಿ ಭರ್ಜರಿ ಬಂದಿದೆ ಎಂದು ತೋರಿಸಿ, ಅಂಗಡಿಯ ಲಾಭದಲ್ಲಿ ಒಂದು ಪಾಲನ್ನು ಅದರೊಳಗೆ ಅಡಗಿಸಿಬಿಡಿ ಎಂದು ಮಾರ್ಚ್ ಮುಗಿದ ಮೇಲೆ ಕಾಕಾ ಅವರಿಗೆ ಸೂಚಿಸಿದೆ. ಹೊಲ ಊರಿಂದ ಯಾವ ಕಡೆ ಎಂದು ಕೇಳಿ ಅವರು ಬರೆದುಕೊಂಡರು.

ಮುಂದಿನ ವಾರ ನಾನು ಹೊಲಕ್ಕೆ ಹೋದಾಗ, ಬದುವಿನ ಮೇಲೆ ಛತ್ರಿ ಹಿಡಿದು ಕಾಕಾ ನಿಂತಿದ್ದರು. ಬಸ್ಸು ಹತ್ತಿ ಬಂದಿದ್ದರು. ಮೂಗಿನಲ್ಲಿ ಹತ್ತಿ ಇರಲಿಲ್ಲ.

"ಇದು ಏನ್ ಬೆಳಿ, ತಮ್ಮಾ?"

"ಬ್ಯಾಸಗಿ ಭತ್ತರಿ."

"ಮೆಣಸಿನಕಾಯಿ?"

"ಅದು... ಇದರಕಿಂತ ಮದ್ಲ ಇತ್ರಿ."

ಕಾಕಾ ನನ್ನ ಮುಖ ನೋಡಲಿಲ್ಲ. ನೀರು ತಿರುವುತ್ತಿದ್ದ ನಮ್ಮ ಹೊಲವನ್ನು ಪಾಲಿಗೆ ಮಾಡುವವನನ್ನು ಕೂಗಿ ಕೇಳಿದರು: "ಏನಪಾ, ಈ ಹೊಲದಾಗ ಮದ್ಲ ಏನ್ ಹಾಕಿದ್ರಿ?"

"ಭತ್ತಾನರಿ. ಅದರ ಹಿಂದೂ ಭತ್ತ. ಇಂಥಾ ನೀರ ನಿಲ್ಲೂ ಹೊಲದಾಗ ಯಾವ ಶಾಣ್ಯಾ ಮೆಣಸಿನಗಿಡ ಹಚ್ಚತಾನ್ರಿ?"

"ಈ ಶಾಣ್ಯಾ ಹಚ್ಚ್ಯಾನಂತ ನೋಡಪಾ," ಎಂದು ಕಾಕಾ ನನ್ನತ್ತ ಛತ್ರಿ ತೋರಿಸಿದರು. ಆತ ನಕ್ಕ ನಗೆ ತುಂಗಭದ್ರೆಯ ಆಚೆ ದಂಡೆಗೆ ಮುಟ್ಟಿರಬೇಕು.

ನನಗೆ ಬಂದ ಸಿಟ್ಟು ಸಾಧಾರಣದ್ದಲ್ಲ. ಫೀ ಕೊಡುವವನು ನಾನು. ನನ್ನ ಹೊಲಕ್ಕೆ ನನ್ನದೇ ಲೆಕ್ಕಿಗ ಪಂಚನಾಮೆಗೆ ಬರುವುದೆಂದರೇನು? ಹೊಲಿದ ಕಟ್ಟುಗಳನ್ನೆಲ್ಲ ಅಂದೇ ಅವರ ಅಟ್ಟದಿಂದ ಹೊತ್ತು ತಂದು, ಹಾವೇರಿಯ ಒಬ್ಬ ಸಲಹೆಗಾರನ ಬಳಿ ಹೋದೆ. ಗಾಜಿನ ಕೋಣೆ, ತಂಪು ಗಾಳಿ. ಅವನು ಹೊಲ ಎಲ್ಲಿದೆ ಎಂದು ಸಹ ಕೇಳಲಿಲ್ಲ. "ಎಷ್ಟು ತೋರಸ್ಲಿ ಸರ್?" ಎಂದಷ್ಟೇ ಕೇಳಿದ. ಎರಡು ವರ್ಷ ಮೇಡ್ಲೇರಿಯ ಗದ್ದೆಯಲ್ಲಿ ಅವನು ಬೆಳೆದ ಮೆಣಸಿನಕಾಯಿಯನ್ನು ಇಡೀ ಬ್ಯಾಡಗಿ ಮಾರುಕಟ್ಟೆಯ ಅಂಗಳದಲ್ಲಿ ಹರವಲು ಜಾಗ ಸಾಲುತ್ತಿರಲಿಲ್ಲ.

ಆಮೇಲೆ ನೋಟಿಸ್ ಬಂತು. ಇಷ್ಟು ಮೆಣಸಿನಕಾಯಿ ಮಾರಿದ ಪಟ್ಟಿ ಎಲ್ಲಿ ಎಂದು ತೆರಿಗೆ ಇಲಾಖೆ ಕೇಳಿತ್ತು. ಪಟ್ಟಿ ಎಂದರೆ ಮಾಲು ಮಾರಿದ ರೈತನಿಗೆ ದಲಾಲರು ಕೊಡುವ ಚೀಟಿ. ಹಾವೇರಿಗೆ ಓಡಿದೆ.

"ನೀವು ಹೇಳಿದ್ದು ನಾವು ತುಂಬೇವಿ ಸರ್. ಪಟ್ಟಿ ನೀವು ತರಬೇಕು. ಬ್ಯಾಡಗಿಯಾಗ ಬರಸ್ಕೊಂಡ್ ಬರ್ರಿ, ಸಿಗತಾವು."

ನನ್ನ ಕಾಗದದ ಮೇಲೆ ತನ್ನ ಕೈಯಾರೆ ಸುಳ್ಳು ಬರೆದವನು, ಆಸೆಗೆ ಬಿದ್ದವನು ನಾನೊಬ್ಬನೇ ಎಂಬಂತೆ ಕುರ್ಚಿ ತಿರುಗಿಸಿ ಕೂತ!

ಬ್ಯಾಡಗಿಗೆ ಹೋದೆ. ಪಟ್ಟಿ ಬರೆದುಕೊಡುವ ದಲಾಲ ಕಾಕಾ ಅವರ ಅಟ್ಟದ ಕೆಳಗಿನವನೇ. ಅವನು ಪುಸ್ತಕ ತೆಗೆದು, ಪೆನ್ನಿನ ಟೋಪಿ ಬಿಚ್ಚಿ, "ಕಡ್ಡಿನೋ ಡಬ್ಬಿನೋ?" ಎಂದ.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಈ ಎರಡು ಜಾತಿ ಇವೆ. ಹೊಲವಿಲ್ಲದ ಹಮಾಲನಿಗೂ ಗೊತ್ತು. ಎರಡು ವರ್ಷದ ಮಹಾ ಬೆಳೆಗಾರನಾದ ನಾನು ಏನು ಬೆಳೆದಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಸೀನು ಕೇಳಿಸಿತು. ಒಂದು, ಎರಡು, ಮೂರು.

ಏಣಿ ಹತ್ತಿದೆ. ಕಾಕಾ ನೋಟಿಸನ್ನು ಎರಡು ಸಲ ಓದಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ.

"ಸುಳ್ಳಪಟ್ಟಿ ಬೇಕಾದ್ರ ಕೆಳಗ ಸಿಗತೈತಿ," ಎಂದರು. "ಇಲ್ಲೆ ಕುಂದರೂದಾದ್ರ ಒಂದ ಮಾತು: ತಪ್ಪಾಗೇತಿ ಅಂತ ಒಪ್ಪಿಕೊಂಡು ತೆರಿಗಿ, ದಂಡ ತುಂಬಬೇಕು. ಹೊಸಾ ಗೋದಾಮು ಕಟ್ಟಸಬೇಕಂತಿದ್ದೆಲ್ಲ, ಅದನ್ನ ಮರೀಬೇಕು."

"ಅಂಗಡಿ ಉಳೀತೈತೇನ್ರಿ ಕಾಕಾ?"

"ಪಟ್ಟಿ ಬರಸಿದ್ರ ಉಳ್ಯೂದಿಲ್ಲ. ಅದೊಂದು ಗೊತ್ತೈತಿ ನನಗ."

ಒಂದು ವಾರ ಕೂತರು. ನನ್ನ ಹಳೆಯ ಕಟ್ಟುಗಳನ್ನೆಲ್ಲ ಮತ್ತೆ ಹೊತ್ತು ತಂದೆ. ಹಾವೇರಿಗೆ ಹೋದ ಮೇಲಿನ ಎರಡು ವರ್ಷದ ಬಿಲ್ಲುಗಳು ಗೊಬ್ಬರದ ಚೀಲದಲ್ಲಿದ್ದವು. ಅವನ್ನು ಕಾಕಾ ಒಂದೊಂದಾಗಿ ಬಿಡಿಸಿ ತಾರೀಖಿನ ಪ್ರಕಾರ ಜೋಡಿಸಿದರು. ಉತ್ತರ ಬರೆದರು, ಕಟ್ಟಬೇಕಾದ್ದನ್ನು ಕಟ್ಟಿಸಿದರು. ಫೀ ಎಷ್ಟೆಂದು ಕೇಳಿದರೆ ಅಪ್ಪನ ಕಾಲದ ಮೊತ್ತವನ್ನೇ ಹೇಳಿದರು. ಅದಕ್ಕೂ ನನಗೆ ಸಿಟ್ಟು ಬಂತು.

ಅದೇ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಬ್ಯಾಡಗಿಯಲ್ಲಿ ಸಂತಾಪ ಸಭೆ. ಬದುಕಿದ್ದಾಗ ಅವರನ್ನು "ಇಲಾಖೆಯ ಅಳಿಯ" ಎಂದು ಆಡಿಕೊಂಡು, ಒಬ್ಬೊಬ್ಬರಾಗಿ ಲೆಕ್ಕ ಕಿತ್ತುಕೊಂಡು ಹೋದವರೆಲ್ಲ ಮುಂದಿನ ಸಾಲಿನಲ್ಲಿದ್ದರು. ಪಟ್ಟಿ ಬರೆಯುವ ದಲಾಲ ಮೈಕು ಹಿಡಿದು, "ಅವರು ನಮಗೆಲ್ಲಾ ದಾರಿದೀಪ ಆಗಿದ್ರು," ಎಂದು ಕಣ್ಣೊರೆಸಿಕೊಂಡ.

ನಾನು ಎದ್ದು ನಿಂತೆ. "ಕಡೀತನಕಾ ಆ ದೀಪದ ಕಡೆ ಲೆಕ್ಕ ಬರಸಿದವರು ಕೈ ಎತ್ರಿ," ಎಂದೆ.

ಒಬ್ಬ ಕಿರಾಣಿ ಅಂಗಡಿಯವನು ಎತ್ತಿದ. ನಾನು ಎತ್ತಲಿಲ್ಲ. ನಡುವೆ ಎರಡು ವರ್ಷ ಬಿಟ್ಟುಹೋದವನು ಎತ್ತುವ ಹಾಗಿರಲಿಲ್ಲ. "ಕುಂದರೋ ಮಾರಾಯಾ, ಸತ್ತ ಮನಿಯಾಗ ಜಗಳ ತೆಗಿಬ್ಯಾಡ," ಎಂದು ಯಾರೋ ಅಂಗಿ ಜಗ್ಗಿದರು.

ದಲಾಲ ಭಾಷಣ ಮುಂದುವರಿಸಿದ.

ಇಪ್ಪತ್ತು ದಿನದ ಮೇಲೆ ಇಲಾಖೆಯ ಪತ್ರ ಬಂತು. ತೆರಿಗೆ, ಬಡ್ಡಿ, ದಂಡ ಪೂರ್ತಿ ಜಮೆಯಾಗಿದೆ, ಪ್ರಕರಣ ಮುಗಿದಿದೆ ಎಂದು ಬರೆದಿತ್ತು. ಗೋದಾಮು ಆಗಲಿಲ್ಲ, ಅಂಗಡಿ ಉಳಿಯಿತು.