ಕೆಂಚಕ್ಕನಿಗಾಗಿ ಮಾಡಿದ ಗೈಡು

ಹಿರಿಯೂರಿನಲ್ಲಿ ಹೆದ್ದಾರಿಯ ಪಕ್ಕ, ಲಾರಿಗಳು ನಿಲ್ಲುವ ಜಾಗಕ್ಕೆ ಎದುರಾಗಿ ಪಂಚಾಕ್ಷರಪ್ಪನವರ ಟಾರ್ಪಾಲಿನ ಅಂಗಡಿ ಇತ್ತು. ಅಲ್ಲಿಯ ಎರಡು ದೊಡ್ಡ ಹೊಲಿಗೆ ಮಿಷನ್ನುಗಳಲ್ಲಿ ಯಾವುದು ಕೆಟ್ಟರೂ ಕರೆ ಬರುತ್ತಿದ್ದುದು ಜುಂಜಯ್ಯನಿಗೆ.

ಜುಂಜಯ್ಯ ಮಾಡದಕೆರೆ ಕಡೆಯ ಕುರಿ ಕಾಯುವ ಮನೆತನದವನು. ಕುರಿಯ ಹಿಂದೆ ತಿರುಗುವುದಕ್ಕಿಂತ ಕಬ್ಬಿಣ ಉಜ್ಜುವುದರಲ್ಲೇ ಅವನಿಗೆ ಮನಸ್ಸು. ಚಿತ್ರದುರ್ಗದ ಹತ್ತಿ ಮಿಲ್ಲೊಂದರಲ್ಲಿ ಫಿಟ್ಟರುಗಳ ಕೈಕೆಳಗೆ ಎಂಟು ವರ್ಷ ದುಡಿದು, ಎಪ್ಪತ್ತೆರಡನೇ ಇಸವಿಯಲ್ಲಿ ಹಿರಿಯೂರಿಗೆ ಬಂದು, ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು, ಒಂದು ಕೈ ಡ್ರಿಲ್ಲು, ಆರು ಅರಗಳನ್ನಿಟ್ಟುಕೊಂಡು ಶೆಡ್ಡು ಹಾಕಿದ. ಮಿಷನ್ನು ರಿಪೇರಿ ಮಾಡುವವರು ಊರಲ್ಲಿ ಬೇರೆಯವರೂ ಇದ್ದರು. ಆದರೆ ಕಂಪನಿಯವರು ಕೊಡದ ಭಾಗವನ್ನು ತಾನೇ ಯೋಚಿಸಿ, ಮಾಡಿ, ಕೂಡಿಸುವವನು ಅವನೊಬ್ಬನೇ. ಹೊಳಲ್ಕೆರೆಯಲ್ಲಿ ಎತ್ತಿನ ಕೊರಳಪಟ್ಟಿ ಹೊಲಿಯುವವರಿಗೆ ಚರ್ಮ ಜಾರದಂತೆ ಒತ್ತಿ ಹಿಡಿಯುವ ಹಲ್ಲಿನ ಪಾದ ಮಾಡಿಕೊಟ್ಟಿದ್ದ. ಹೊಸದುರ್ಗದಲ್ಲಿ ಬಸ್ಸಿನ ಸೀಟು ಹೊಲಿಯುವ ಶಿವಕುಮಾರಪ್ಪನಿಗೆ, ಹೊಲಿಗೆ ಅಂಚು ಬಿಟ್ಟು ಸರಿಯದಂತೆ ತಡೆಯುವ ಪಟ್ಟಿ ಕೂಡಿಸಿದ್ದ. ಯಾರೇ ಕರೆದರೂ ಅವನು ಮೊದಲು ಮಿಷನ್ನು ನೋಡುತ್ತಿರಲಿಲ್ಲ. ಕೆಲಸ ಮಾಡುವವರ ಪಕ್ಕ ಅರ್ಧ ದಿನ ಕುಳಿತು ಅವರ ಕೈ ನೋಡುತ್ತಿದ್ದ.

ಹಾಗೆ ಕುಳಿತಾಗಲೇ ಕೆಂಚಕ್ಕನ ಕೈ ಕಂಡದ್ದು.

ಟಾರ್ಪಾಲಿನ ಅಂಚನ್ನು ಎರಡು ಸುತ್ತು ಮಡಿಸಿ, ಮಡಿಕೆಯೊಳಗೆ ಹಗ್ಗವಿಟ್ಟು ಹೊಲಿಯಬೇಕು. ಹೊಲಿಯುವವನು ಬುಡೇನ್ ಸಾಬ್. ಅವನ ಎದುರಿಗೆ ಕುಳಿತು, ಮೇಣ ಹಚ್ಚಿದ ಆ ಒರಟು ಬಟ್ಟೆಯನ್ನು ಮಡಿಸಿ ಹಗ್ಗ ಕೂರಿಸಿ ಸೂಜಿಯತ್ತ ನೂಕುವವಳು ಕೆಂಚಕ್ಕ. ಗಂಡ ತೀರಿಕೊಂಡ ಮೇಲೆ ರಾಮಗಿರಿಯ ಅಣ್ಣನ ಮನೆಯಲ್ಲಿ ಇರಲಾರದೆ ಹಿರಿಯೂರಿಗೆ ಬಂದು, ಜೊತೆಗಾತಿಯೊಬ್ಬಳೊಂದಿಗೆ ಕೋಣೆ ಹಿಡಿದಿದ್ದಳು. ಇಪ್ಪತ್ತೆಂಟೋ ಮೂವತ್ತೋ ವಯಸ್ಸು. ಬೆರಳ ತುದಿಗಳೆಲ್ಲ ಸೀಳಿದ್ದವು. ಹಳೆಯ ಸೀರೆಯ ಚಿಂದಿ ಸುತ್ತಿಕೊಂಡಿದ್ದಳು, ಚಿಂದಿಯಲ್ಲಿ ರಕ್ತ ಒಣಗಿತ್ತು.

"ಉರಿಯಲ್ವಾ?" ಎಂದು ಕೇಳಿದ ಜುಂಜಯ್ಯ.

"ಬೆಳಿಗ್ಗೆ ಉರೀತೈತೆ ಮೇಸ್ತ್ರಿ. ಮಧ್ಯಾಹ್ನದ ಹೊತ್ತಿಗೆ ಮರಗಟ್ಟುತ್ತೆ, ಆಮ್ಯಾಲೆ ಗೊತ್ತಾಗಲ್ಲ," ಎಂದು ನಕ್ಕಳು.

ಆ ನಗು ಜುಂಜಯ್ಯನ ಜೊತೆಗೇ ಶೆಡ್ಡಿಗೆ ಬಂತು. ಮೂವತ್ತನಾಲ್ಕು ವಯಸ್ಸಿನವರೆಗೆ ಮದುವೆಯ ಮಾತೆತ್ತಿದಾಗಲೆಲ್ಲ ಜಾರಿಕೊಂಡಿದ್ದ ಮನುಷ್ಯ ಅವನು. ಈಗ ಅಂಗಡಿಗೆ ಹೋಗಲು ದಿನಕ್ಕೊಂದು ನೆಪ ಹುಡುಕತೊಡಗಿದ. ಬಟ್ಟೆ ತಾನಾಗಿ ಮಡಿಸಿಕೊಂಡು, ಹಗ್ಗ ತಾನಾಗಿ ಒಳಗೆ ಸೇರಿ, ಸೂಜಿಯ ಕೆಳಗೆ ಹೋಗುವಂಥ ಒಂದು ಗೈಡು ಮಾಡಬೇಕು ಎಂದುಕೊಂಡ. ಯಾರೂ ಮಾಡಲು ಹೇಳಿರಲಿಲ್ಲ. ಮೊದಲು ಹತ್ತಿ ಅಂಡಿಗೆಗೆ ಬಿಗಿಯುವ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ನೋಡಿದ. ದಪ್ಪ ಬಟ್ಟೆಯ ಎಳೆತಕ್ಕೆ ಅದು ಅಗಲಿಸಿಕೊಂಡಿತು. ಹಳೆಯ ಗರಗಸದ ಅಲಗನ್ನು ಕಾಯಿಸಿ ಸುರುಳಿ ಮಾಡಿದ, ಅದರ ಅಂಚು ಬಟ್ಟೆಯನ್ನೇ ಕೊಯ್ದುಬಿಟ್ಟಿತು. ಅದನ್ನು ಇಟ್ಟಿಗೆ ಪುಡಿ, ಎಣ್ಣೆ ಹಾಕಿ ವಾರಗಟ್ಟಲೆ ತಿಕ್ಕಿದ. ಹಗ್ಗ ಬರಲು ಸೈಕಲ್ಲಿನ ಹಿಂದಿನ ಚಕ್ರದ ಕವಲಿನಿಂದ ಒಂದು ಗೇಣು ಕೊಳವೆ ಕತ್ತರಿಸಿ ಬೆಸುಗೆ ಹಾಕಿಸಿದ. ಮೂರು ತಿಂಗಳು ಹಿಡಿಯಿತು.

ಅಳತೆಗೆಂದು ಬಂದ ಒಂದು ಮಧ್ಯಾಹ್ನ, ಬುಡೇನ್ ಸಾಬ್ ನಮಾಜಿಗೆ ಹೋಗಿದ್ದಾಗ, ಕೆಂಚಕ್ಕ ಬಟ್ಟೆಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು: "ಅಣ್ಣ ಹೇಳಿ ಕಳ್ಸವ್ನೆ. ಸೀರುಡಿಕೆಗೆ ಯಾರೋ ಕೇಳ್ತಾವ್ರಂತೆ. ಎರಡನೇ ಸಂಬಂಧ, ವಯಸ್ಸಾದೋನು. ನಾನಿನ್ನೂ ಏನೂ ಹೇಳಿಲ್ಲ."

ಜುಂಜಯ್ಯ ಅಳತೆಯ ಪಟ್ಟಿ ಕೆಳಗಿಟ್ಟ. ಅವರಿಬ್ಬರದೂ ಒಂದೇ ಕುಲ, ಅದರಲ್ಲಿ ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದಕ್ಕೆ ಅಡ್ಡಿ ಇರಲಿಲ್ಲ. ತಾನೂ ಕೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ ಮಾತು.

"ಇನ್ನೆಂಟು ದಿನ ತಡಿ ಕೆಂಚಕ್ಕ. ಇದೊಂದು ಮುಗೀಲಿ."

ಅವಳು ತಲೆಯೆತ್ತಿ ಅವನನ್ನು ನೋಡಿದಳು. "ಆಯ್ತು, ತಡೀತೀನಿ," ಎಂದಳು.

ಬರಿಗೈಲಿ ಹೋಗಿ ಕೇಳುವುದಕ್ಕಿಂತ, ಅವಳ ಕೈ ಉಳಿಸಿದ ಮೇಲೆ ಕೇಳಿದರೆ ಮಾತಿಗೆ ತೂಕ ಬರುತ್ತದೆಂದು ಅವನ ಎಣಿಕೆ.

ಗೈಡು ಕೂಡಿಸಿದ ದಿನ ಪಕ್ಕದ ಅಂಗಡಿಯವರೂ ನೋಡಲು ಬಂದಿದ್ದರು. ಬುಡೇನ್ ಸಾಬ್ ಅಂಚನ್ನು ಒಳಗೆ ಸೇರಿಸಿ ಮಿಷನ್ನು ಬಿಟ್ಟ. ಬಟ್ಟೆ ಸುರುಳಿಯೊಳಗೆ ಮಡಿಸಿಕೊಂಡು, ಹಗ್ಗವನ್ನು ನುಂಗಿಕೊಂಡು, ಸೀದಾ ಹೊರಬಂತು. ಇಡೀ ಮಧ್ಯಾಹ್ನ ತಿನ್ನುತ್ತಿದ್ದ ಅಂಚು ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಯಿತು. ಕೆಂಚಕ್ಕ ಬೆರಳ ಚಿಂದಿ ಬಿಚ್ಚಿ ಹಾಕಿ, "ಇನ್ನು ನಂಗೇನು ಕೆಲ್ಸ ಮೇಸ್ತ್ರಿ?" ಎಂದು ಎಲ್ಲರೆದುರು ನಕ್ಕಳು. ಎಲ್ಲರೂ ನಕ್ಕರು. ಜುಂಜಯ್ಯನೂ ನಕ್ಕ.

ಪಂಚಾಕ್ಷರಪ್ಪ ಅವನ ಬೆನ್ನು ತಟ್ಟಿ, ಎರಡನೇ ಮಿಷನ್ನಿಗೂ ಅಂಥದ್ದೇ ಬೇಕೆಂದರು. ಸಾಮಾನು ತರಲು ಜುಂಜಯ್ಯ ಮರುದಿನವೇ ಚಿತ್ರದುರ್ಗಕ್ಕೆ ಹೊರಟ. ಹಿಂದಿರುಗಿದೊಡನೆ ಕೆಂಚಕ್ಕನನ್ನು ಕೇಳುವುದೆಂದು ಅಲ್ಲಿಯೇ ಒಂದು ಸೀರೆಯನ್ನೂ ಕೊಂಡ. ಬೆಸುಗೆಯವನು ಸತಾಯಿಸಿದ್ದರಿಂದ ಹಿಂದಿರುಗಲು ನಾಲ್ಕು ದಿನವಾಯಿತು. ಬಂದವನೇ ಅಂಗಡಿಗೆ ಹೋದರೆ ಕೆಂಚಕ್ಕ ಕೂರುವ ಜಾಗದಲ್ಲಿ ಬಟ್ಟೆಯ ಸುರುಳಿಗಳನ್ನು ಪೇರಿಸಿದ್ದರು.

"ಅವ್ಳು ಎಲ್ಲಿ ಸಾವ್ಕಾರ್ರೇ?"

"ಕೆಲ್ಸ ಬಿಡಿಸಿದೆ ಕಣಪ್ಪ," ಎಂದರು ಪಂಚಾಕ್ಷರಪ್ಪ. ಅವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ. "ಇಬ್ರು ಮಾಡಾದನ್ನ ಈಗ ಒಬ್ನೇ ಮಾಡ್ತಾನೆ. ಸುಮ್ನೆ ಕುಂಡ್ರಿಸಿ ಕೂಲಿ ಕೊಡಾಕೆ ಆಗ್ತೈತಾ? ನೀನು ಮಾಡಿಕೊಟ್ಟಿದ್ದೇ ಅದಕ್ಕಲ್ವಾ?"

ಜುಂಜಯ್ಯ ಸಾಮಾನಿನ ಚೀಲ ಎತ್ತಿಕೊಂಡ. ಹೊರಗೆ ಬಂದಾಗ ಬುಡೇನ್ ಸಾಬ್ ಹಿಂದೆಯೇ ಬಂದ. "ಎರಡು ದಿನ ಇದೇ ಕಟ್ಟೆ ಮ್ಯಾಲೆ ಕುಂತಿದ್ಲು. ನೀನು ಯಾವಾಗ ಬರ್ತೀಯ ಅಂತ ಕೇಳ್ತಿದ್ಲು. ಮೂರನೇ ದಿನ ಗಂಟು ತಗಂಡು ರಾಮಗಿರಿಗೆ ಹೋಗಾಕೆ ಬಸ್ಸು ಹತ್ತಿದ್ಲು. ಹೋಗು ಜುಂಜಯ್ಯ, ಈಗ್ಲೇ ಹೋಗು."

ಜುಂಜಯ್ಯ ಅಂದು ಹೋಗಲಿಲ್ಲ. ಅವಳ ಅನ್ನ ಕಿತ್ತುಕೊಂಡ ಮೇಲೆ ಯಾವ ಮುಖ ಹೊತ್ತು ಹೋಗುವುದು ಎಂಬ ನಾಚಿಕೆ ಅವನನ್ನು ಕಟ್ಟಿಹಾಕಿತು. ಮೊದಲು ಅವಳಿಗೊಂದು ಕೆಲಸ ನೋಡಬೇಕು ಎಂದುಕೊಂಡು ಅಂಗಡಿ ಅಂಗಡಿ ಅಲೆದ. ಕೊನೆಗೆ ಹೊಸದುರ್ಗದ ಶಿವಕುಮಾರಪ್ಪ ಒಪ್ಪಿಕೊಂಡ. ಅಷ್ಟರಲ್ಲಿ ಮೂರು ವಾರ ಕಳೆದಿತ್ತು.

ರಾಮಗಿರಿಯಲ್ಲಿ ಅಣ್ಣನ ಹೆಂಡತಿ, ರೈಲು ಸ್ಟೇಷನ್ನಿನ ಆಚೆಗಿನ ಒಂದು ಮನೆ ತೋರಿಸಿದಳು. ಕೆಂಚಕ್ಕ ಅಂಗಳದಲ್ಲಿ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದಳು. ಮೈಮೇಲೆ ಹೊಸ ಸೀರೆ ಇತ್ತು. ನೋಡಿದೊಡನೆ ಜುಂಜಯ್ಯನಿಗೆ ಎಲ್ಲ ತಿಳಿಯಿತು. ಆದರೂ ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತು ತಾನಾಗಿ ಹೊರಬಿತ್ತು.

"ಹೊಸದುರ್ಗದಾಗೆ ನಿಂಗೊಂದು ಕೆಲ್ಸ ನೋಡಿದೀನಿ."

ಅವಳು ಸೊಪ್ಪಿನ ಕಟ್ಟನ್ನು ಗೂಟಕ್ಕೆ ಬಿಗಿದಳು.

"ಕೆಲ್ಸ ಕೇಳಾಕಾ ನಾನು ಎರಡು ದಿನ ಆ ಕಟ್ಟೆ ಮ್ಯಾಲೆ ಕುಂತಿದ್ದು?" ಎಂದಳು.

ಜುಂಜಯ್ಯನ ಕೈಚೀಲದಲ್ಲಿ ಸೀರೆ ಇತ್ತು. ಅದನ್ನು ತೆಗೆಯಲಿಲ್ಲ.

"ಎಂಟು ದಿನ ಅಂದ್ರಿ, ತಡದೆ. ಅಣ್ಣ ಎಷ್ಟು ದಿನ ಅನ್ನ ಹಾಕ್ತಾನೆ ಮೇಸ್ತ್ರಿ? ಹ್ಞೂಂ ಅಂದ್ಬಿಟ್ಟೆ." ಅವಳು ಕಣ್ಣೊರೆಸಿಕೊಳ್ಳಲೂ ಇಲ್ಲ. "ನೀವು ಮಾಡಿದ್ದು ಒಳ್ಳೇ ಸಾಮಾನು. ಅದ್ರ ಮ್ಯಾಲೆ ನಂಗೆ ಸಿಟ್ಟಿಲ್ಲ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಸಾಕಿತ್ತು."

ಅಷ್ಟರಲ್ಲಿ ಅವಳ ಗಂಡ ಎತ್ತಪ್ಪ ಬಂದ. ತಲೆ ನರೆತ, ಮೆತ್ತಗಿನ ಮನುಷ್ಯ. ಹಿರಿಯೂರಿನ ಮೇಸ್ತ್ರಿ ಎಂದು ತಿಳಿದು, "ಬರ್ರಿ, ಕುಂತ್ಕಳ್ರಿ, ಉಣ್ಣದೆ ಹೋಗ್ಬ್ಯಾಡ್ರಿ," ಎಂದು ಕಂಬಳಿ ಹಾಸಿದ. ಕೆಂಚಕ್ಕ ಮುದ್ದೆ ಬಡಿಸಿದಳು. ಒಂದೊಂದು ತುತ್ತನ್ನೂ ನೀರು ಕುಡಿದು ಇಳಿಸಿ, ಜುಂಜಯ್ಯ ತಟ್ಟೆ ಖಾಲಿ ಮಾಡಿ ಎದ್ದ.

ಎರಡನೇ ಗೈಡನ್ನು ಅವನು ಮಾಡಿಕೊಡಲಿಲ್ಲ. ಆ ಮಿಷನ್ನಿನ ಎದುರಿಗೆ ರಂಗಕ್ಕ ಎಂಬ ಇನ್ನೊಬ್ಬ ಹೆಂಗಸು ಕೂರುತ್ತಿದ್ದಳು. ಪಂಚಾಕ್ಷರಪ್ಪ ಬೇಸರಪಟ್ಟುಕೊಂಡು, ಮೊದಲನೆಯದನ್ನು ಬಿಚ್ಚಿ ಚಿತ್ರದುರ್ಗಕ್ಕೆ ಕಳಿಸಿ ಅಂಥದ್ದೇ ಮಾಡಿಸಿದರು. ವರ್ಷದೊಳಗೆ ಹೆದ್ದಾರಿಯ ಟಾರ್ಪಾಲಿನ ಅಂಗಡಿಗಳಿಗೆಲ್ಲ ಅದು ಬಂತು. ರಂಗಕ್ಕನೂ ಹೋದಳು. ಜುಂಜಯ್ಯ ಶೆಡ್ಡು ಕಿತ್ತು ಹೊಸದುರ್ಗಕ್ಕೆ ಹೋದ, ಮದುವೆಯಾಗಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಹೊಳಲ್ಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಅವಳು ಎದುರಾದಳು. ಕಂಕುಳಲ್ಲಿ ಮೂರು ವರ್ಷದ ಹೆಣ್ಣುಮಗು.

"ಚೆನ್ನಾಗಿದೀರಾ ಮೇಸ್ತ್ರಿ?"

"ಇದೀನಿ. ನೀನು?"

"ಇದೀನಿ." ಮಗುವಿನ ಗದ್ದ ಹಿಡಿದು, "ಮಾಮಂಗೆ ಹೆಸ್ರು ಹೇಳವ್ವ," ಎಂದಳು. ಮಗು ಏನೋ ಹೇಳಿತು. ಅದೇ ಹೊತ್ತಿಗೆ ಚಿತ್ರದುರ್ಗದ ಬಸ್ಸು ಹಾರನ್ ಹೊಡೆಯುತ್ತಾ ಒಳಗೆ ನುಗ್ಗಿದ್ದರಿಂದ ಜುಂಜಯ್ಯನಿಗೆ ಕೇಳಿಸಲಿಲ್ಲ. ಮತ್ತೆ ಕೇಳೋಣವೆಂದು ಬಗ್ಗುವಷ್ಟರಲ್ಲಿ ಕೆಂಚಕ್ಕ ಸೀಟು ಹಿಡಿಯಲು ಓಡುವ ಜನರ ನಡುವೆ ಸೇರಿಹೋಗಿದ್ದಳು.